ಕಣ್ಣು ಬರೆಯುವ ಹೊತ್ತಿಗೆ

ಮಡಿಕೇರಿ

ಪ್ರೀತಿಯ ಪುಟ್ಟಿ,

ದಸರಾ ಮಂಟಪಕ್ಕೆ ಮೂರ್ತಿ ಮಾಡುವವರ ಫೋಟೊ ತೆಗೆಯಲು ಬರುತ್ತೀಯಂತೆ, ನಿನ್ನಮ್ಮ ಹೇಳಿದಳು. ತುಂಬಾ ಖುಷಿಯಾಯಿತು. ದಶಮಿ ರಾತ್ರಿ ಮೆರವಣಿಗೆ ಹೊರಡುವ ಹತ್ತು ಮಂಟಪಗಳ ಫೋಟೊ ಊರೆಲ್ಲ ತೆಗೆಯುತ್ತದೆ. ಶೆಡ್ಡಿನಲ್ಲಿ ನಿದ್ದೆಗೆಟ್ಟು ಕೆಲಸ ಮಾಡುವವರನ್ನು ನೋಡುವವರು ಕಡಿಮೆ.

ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ. ಸುಮ್ನೆ ಮೂಲೆಯಲ್ಲಿ ಕೂತು ನೋಡು. ಅವರು ಯಾವಾಗ ನಾಲ್ಕು ಹೆಜ್ಜೆ ಹಿಂದೆ ಸರಿದು ಮೂರ್ತಿ ನೋಡುತ್ತಾರೆ, ಯಾವಾಗ ಮಾತು ನಿಲ್ಲಿಸುತ್ತಾರೆ, ನಿನಗೇ ತಿಳಿಯುತ್ತದೆ.

ಹಾಗೆ ಕಾಯದೆ ನಾನೊಂದು ತಪ್ಪು ಮಾಡಿದ್ದೇನೆ. ಮೂವತ್ತು ವರ್ಷದ ಹಿಂದಿನ ಮಾತು. ಒಬ್ಬರು ದೇವಿಯ ಕಣ್ಣು ಬರೆಯುತ್ತಿದ್ದರು. ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದು, ಉಸಿರು ಬಿಗಿಹಿಡಿದು, ರೆಪ್ಪೆಯ ಗೆರೆ ಎಳೆಯುತ್ತಿದ್ದರು. ನಾನು ಫ್ಲ್ಯಾಷ್ ಹೊಡೆದೆ. ಕೈ ಬೆಚ್ಚಿತು, ಗೆರೆ ಕೆನ್ನೆಗೆ ಇಳಿಯಿತು. ಅವರು ಬೈಯಲಿಲ್ಲ. ಬಟ್ಟೆಯಲ್ಲಿ ಒರೆಸಿ, ಕುಂಚ ತೊಳೆದಿಟ್ಟು ಎದ್ದುಹೋದರು. ಆ ರಾತ್ರಿ ಮತ್ತೆ ಕುಂಚ ಮುಟ್ಟಲಿಲ್ಲ. ಆ ಫೋಟೊ ಇನ್ನೂ ನನ್ನ ಹತ್ತಿರ ಇದೆ, ಯಾರಿಗೂ ತೋರಿಸಿಲ್ಲ.

ಅಮೆರಿಕದ ಜಾಕ್ಸನ್ ಪೊಲಾಕ್ ನೆಲದ ಮೇಲೆ ಕ್ಯಾನ್ವಾಸ್ ಹಾಸಿ ಬಣ್ಣ ಸುರಿದು ಚಿತ್ರ ಮಾಡುತ್ತಿದ್ದ. 1950ರಲ್ಲಿ ಹಾನ್ಸ್ ನಾಮುತ್ ಅವನ ಫೋಟೊ ತೆಗೆದ. ಹಳೇ ಕೊಟ್ಟಿಗೆಯಂಥ ಸ್ಟುಡಿಯೊ, ಬೆಳಕು ಸಾಲದು. ಎಷ್ಟೋ ಫೋಟೊಗಳಲ್ಲಿ ಕೈ ಮಸುಕು, ಆದರೆ ಕೈಯ ಓಟ ಕಾಣುವುದು ಅಲ್ಲೇ. ಆಮೇಲೆ ನಾಮುತ್ ಸಿನಿಮಾಕ್ಕೆಂದು ಅವನನ್ನು ಚಳಿಯಲ್ಲಿ ಹೊರಗೆ ನಿಲ್ಲಿಸಿ, ಗಾಜಿನ ಮೇಲೆ ಬಣ್ಣ ಹಾಕಿಸಿದ. ಎರಡು ವರ್ಷದಿಂದ ಕುಡಿತ ಬಿಟ್ಟಿದ್ದ ಪೊಲಾಕ್ ಚಿತ್ರೀಕರಣ ಮುಗಿದ ದಿನವೇ ಮತ್ತೆ ಕುಡಿದ. ಕ್ಯಾಮೆರಾ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೂ ‘ಇನ್ನೊಮ್ಮೆ ಹಾಗೇ ಮಾಡಿ’ ಅಂತ ಯಾರನ್ನೂ ಕೇಳಬೇಡ, ಪುಟ್ಟಿ.

ಫ್ಲ್ಯಾಷ್ ಬೇಡ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸು, ಶಟರ್ ಸೆಕೆಂಡಿನ 1/30 ಭಾಗಕ್ಕೆ ಇಡು. ಕೈ ಮಸುಕಾದರೆ ಆಗಲಿ. ನೀಲಿ ಟಾರ್ಪಾಲಿನ ಕೆಳಗೆ ಹಗಲಲ್ಲಿ ಮುಖವೆಲ್ಲ ನೀಲಿ ಹೊಡೆಯುತ್ತದೆ, ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸ್ ನೋಡಿಕೊ. ಇಲ್ಲಿನ ತೇವಕ್ಕೆ ಲೆನ್ಸಿಗೆ ಬೇಗ ಬೂಷ್ಟು ಹಿಡಿಯುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಕೊಂಡು ಬಾ.

ಮಂಟಪ ಹೊರಡುವ ತನಕ ಒಂದು ಫೋಟೊನೂ ಮೊಬೈಲಿನಲ್ಲಿ ಹಂಚಬೇಡ. ಬಹುಮಾನಕ್ಕೆ ಪೈಪೋಟಿ ಇರುತ್ತದೆ, ಅವರ ಗುಟ್ಟು ನಮ್ಮಿಂದ ಹೊರಗೆ ಹೋಗಬಾರದು ಅಲ್ವಾ. ಹಬ್ಬ ಮುಗಿದ ಮೇಲೆ ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಡೋಣ. ನಾನೂ ಜೊತೆಗೆ ಬರುತ್ತೇನೆ.

ಸ್ವೆಟರ್ ಮರೆಯಬೇಡ, ರಾತ್ರಿ ಶೆಡ್ಡಿನಲ್ಲಿ ಚಳಿ ಜಾಸ್ತಿ. ಅತ್ತೆ ನಿನ್ನ ದಾರಿ ಕಾಯುತ್ತಿದ್ದಾಳೆ.

ನಿನ್ನ
ಮಾವ