ವ್ಯಾಟ್ ಬಿಡಿ, ಆಂಟೆನಾ ಎಲ್ಲಿ ಕೂರುತ್ತೆ ಅದನ್ನು ಕೇಳಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಜೀಪ್ ಹವ್ಯಾಸದವರ ಬಗ್ಗೆ ಬಂದ ಬರಹ ಓದಿದೆ. ಟೈರು, ವಿಂಚು, ಎಳೆಯುವ ಬೆಲ್ಟು ಎಲ್ಲವನ್ನೂ ಬಿಡಿಸಿ ಹೇಳಿದ್ದಾರೆ. ವಾಕಿಟಾಕಿ ವಿಷಯಕ್ಕೆ ಬಂದಾಗ ಮಾತ್ರ ‘ಜಾಸ್ತಿ ವ್ಯಾಟಿನ ಸೆಟ್ ತಗೊಳ್ಳಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಆ ಸಾಲು ಓದಿದವರು ಸೀದಾ ಸೆಟ್ ಕೊಂಡು, ಡಬ್ಬಿ ಹಿಡಿದುಕೊಂಡು ನನ್ನಂಥವರ ಅಂಗಡಿಗೆ ಬರುತ್ತಾರೆ. ಅದಕ್ಕೇ ಈ ಪತ್ರ.

ನಾನು ಹುಬ್ಬಳ್ಳಿಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವವನು. ಹವ್ಯಾಸಕ್ಕೆ ವೈರ್‌ಲೆಸ್ಸಿನಲ್ಲಿ ಮಾತಾಡುವವರ ಹ್ಯಾಮ್ ರೇಡಿಯೊ ಲೈಸೆನ್ಸೂ ಇದೆ. ಗಿರಾಕಿಗಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಎಷ್ಟು ವ್ಯಾಟ್ ಐತ್ರಿ ಇದು?’ ನಾನು ತಿರುಗಿ ಕೇಳುವುದು: ‘ಯಾವ ಫ್ರೀಕ್ವೆನ್ಸಿ? ಯಾರ ಲೈಸೆನ್ಸು? ಆಂಟೆನಾ ಎಲ್ಲಿ ಕೂರಿಸ್ತೀರಿ?’ ಮೂರಕ್ಕೂ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ.

ಲೈಸೆನ್ಸ್ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ವೈರ್‌ಲೆಸ್ ಸೆಟ್ ಮೊಬೈಲ್ ಫೋನಿನ ಹಾಗೆ ಕೊಂಡು ಬಳಸುವ ವಸ್ತುವಲ್ಲ. 1933ರ ಕಾಯ್ದೆಯ ಕಾಲದಿಂದಲೂ ಲೈಸೆನ್ಸ್ ಇಲ್ಲದೆ ಸುಮ್ನೆ ಇಟ್ಟುಕೊಳ್ಳುವುದೇ ತಪ್ಪು. ಅದಕ್ಕೆ ಕೆಲವು ವಿನಾಯಿತಿ ಇವೆ. ಜೀಪಿನವರಿಗೆ ಉಪಯೋಗಕ್ಕೆ ಬರುವುದು 446.0ರಿಂದ 446.2 ಮೆಗಾಹರ್ಟ್ಸ್‌ನ ಪಟ್ಟಿ. 2018ರ ನಿಯಮದಲ್ಲಿ ಕಡಿಮೆ ಶಕ್ತಿಯ, ಹತ್ತಿರದ ದೂರಕ್ಕೆ ಮಾತ್ರ ಕೆಲಸ ಮಾಡುವ ಸೆಟ್ಟುಗಳಿಗೆ ಇದನ್ನು ಬಿಟ್ಟುಕೊಟ್ಟಿದ್ದಾರೆ. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟುಗಳು ಇವು. ಅದಕ್ಕೂ ಟೈಪ್ ಅಪ್ರೂವಲ್ ಸರ್ಟಿಫಿಕೇಟ್, ಅಂದರೆ ಆ ಮಾದರಿಯ ಸೆಟ್ಟಿಗೆ ಸರ್ಕಾರದ ಒಪ್ಪಿಗೆ ಪತ್ರ, ಇರಬೇಕು. ಜನ ಇದನ್ನು ಇಟಿಎ ಅಂತಾರೆ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಎರಡು ಬ್ಯಾಂಡಿನ ಚೀನಾ ಸೆಟ್ಟಿನ ಕಥೆ ಬೇರೆ. ಅದು 136ರಿಂದ 174 ಮೆಗಾಹರ್ಟ್ಸ್‌ವರೆಗೂ, 400ರಿಂದ ಮೇಲಕ್ಕೂ ಎಲ್ಲಿ ಬೇಕೋ ಅಲ್ಲಿ ಮಾತಾಡುತ್ತದೆ. ಗುಂಡಿ ಒತ್ತಿದ್ದು ಹೆಚ್ಚುಕಮ್ಮಿಯಾದರೆ ಪೊಲೀಸರ ಇಲ್ಲವೇ ಅರಣ್ಯ ಇಲಾಖೆಯವರ ಚಾನಲ್ಲಿನಲ್ಲಿ ನಿಮ್ಮ ‘ಹಲೋ ಹಲೋ’ ಕೇಳಿಸಬಹುದು. ಆಮೇಲೆ ಠಾಣೆಯಲ್ಲಿ ‘ಗೊತ್ತಿರಲಿಲ್ರಿ ಸಾಹೇಬ್ರ’ ಅಂದರೆ ಯಾರು ಕೇಳುತ್ತಾರೆ?

ಸೆಟ್ ಯಾಕೆ ಬೇಕು ಅನ್ನುವುದನ್ನೂ ಸ್ವಲ್ಪ ಯೋಚಿಸಿ. ಎರೆ ಮಣ್ಣಿನಲ್ಲಿ ಗಾಡಿ ಹೂತಾಗ ಒಬ್ಬ ಕೆಳಗಿಳಿದು ‘ಎಡಕ್ಕೆ ತಿರುಗಿಸು, ನಿಲ್ಲು, ಹಿಂದೆ ಬಾ’ ಅಂತ ಡ್ರೈವರಿಗೆ ದಾರಿ ತೋರಿಸಬೇಕು. ಸಾಲಿನಲ್ಲಿ ಹೋಗುವಾಗ ಮುಂದಿನವನು ಹಿಂದಿನವರಿಗೆ ‘ಮುಂದೆ ಕಂದಕ ಐತಿ’ ಅನ್ನಬೇಕು. ಇವೆಲ್ಲ ಒಂದು ಕಿಲೋಮೀಟರಿನ ಒಳಗಿನ ಮಾತು. ಗುಂಡಿ ಒತ್ತಿದರೆ ಎಲ್ಲರಿಗೂ ಒಟ್ಟಿಗೆ ಕೇಳುತ್ತದೆ, ಅದೇ ಇದರ ಸುಖ. ಇಷ್ಟಕ್ಕೆ ಲೈಸೆನ್ಸ್ ಬೇಡದ 446ರ ಸಣ್ಣ ಸೆಟ್ಟೇ ಧಾರಾಳವಾಯಿತು. ಗಾಡಿಯ ತಗಡಿನೊಳಗೆ ಕೂತು ಮಾತಾಡಿದರೆ ದೂರ ಹೋಗುವುದಿಲ್ಲ, ಕೈ ಕಿಟಕಿಯ ಹತ್ತಿರ ಇರಲಿ. ಎಲ್ಲರ ಸೆಟ್ಟಿನಲ್ಲೂ ಚಾನಲ್ ಮತ್ತು ಟೋನ್ ಒಂದೇ ಇರಲಿ. ಈ ಟೋನನ್ನೇ ಡಬ್ಬಿಯ ಮೇಲೆ ‘ಪ್ರೈವೆಸಿ ಕೋಡ್’ ಅಂತ ಬರೆದಿರುತ್ತಾರಲ್ಲ, ಅದರಿಂದ ಗುಟ್ಟೇನೂ ಉಳಿಯುವುದಿಲ್ಲ. ಬೇರೆಯವರ ಮಾತು ನಿಮಗೆ ಕೇಳದಂತೆ ತಡೆಯುತ್ತದೆ ಅಷ್ಟೇ. ನಿಮ್ಮ ಮಾತು ಅವರಿಗೆ ಕೇಳುತ್ತಲೇ ಇರುತ್ತದೆ.

ಕಲಘಟಗಿ ದಾಟಿ ಕಾಡಿನ ಕಡೆ ಹೋಗುವವರಿಗೆ, ಗಾಡಿಗಳ ನಡುವೆ ಅಂತರ ಜಾಸ್ತಿ ಬೀಳುವವರಿಗೆ ಇದು ಸಾಲದು. ಅವರಿಗೆ ನಾನು ಹೇಳುವುದು, ಗುಂಪಿನವರೆಲ್ಲ ಹ್ಯಾಮ್ ಪರೀಕ್ಷೆ ಕಟ್ಟಿ ಅಂತ. 12 ವರ್ಷ ತುಂಬಿದ ಯಾರಾದರೂ ಕೂರಬಹುದು. ಮೊದಲ ಹಂತದ ರಿಸ್ಟ್ರಿಕ್ಟೆಡ್ ಗ್ರೇಡಿಗೆ ಚುಕ್ಕಿ-ಗೆರೆಯ ಮೋರ್ಸ್ ಕೋಡ್ ಬೇಡ. ಸ್ವಲ್ಪ ರೇಡಿಯೊ ಪಾಠ, ಸ್ವಲ್ಪ ನಿಯಮ. ಪಾಸಾಗಿ ಲೈಸೆನ್ಸ್ ಬಂದರೆ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಗಾಡಿಗೆ ಸೆಟ್ ಕೂರಿಸಿಕೊಂಡು ರಾಜಾರೋಷವಾಗಿ ಮಾತಾಡಬಹುದು. ಒಬ್ಬನ ಹತ್ತಿರ ಲೈಸೆನ್ಸ್ ಇದ್ದು ಉಳಿದವರು ಅವನ ಹೆಸರಲ್ಲಿ ಮಾತಾಡುವುದು ಮಾತ್ರ ನಡೆಯುವುದಿಲ್ಲ. ವ್ಯಾಪಾರದ ಮಾತಿಗೂ ಇದನ್ನು ಬಳಸುವಂತಿಲ್ಲ.

ಇನ್ನು ವ್ಯಾಟ್. ಈ ಫ್ರೀಕ್ವೆನ್ಸಿಗಳು ಹೆಚ್ಚುಕಮ್ಮಿ ನೆಟ್ಟಗೆ ಹೋಗುತ್ತವೆ. ನವಲಗುಂದದ ಬಯಲಿನಲ್ಲಿ ಎರಡು ಗಾಡಿಗಳ ಆಂಟೆನಾ ನೆಲದಿಂದ ಎರಡು ಮೀಟರ್ ಎತ್ತರದಲ್ಲಿದ್ದರೆ, ನಡುವೆ ಹನ್ನೊಂದು ಹನ್ನೆರಡು ಕಿಲೋಮೀಟರ್ ಆಗುವಷ್ಟರಲ್ಲಿ ಭೂಮಿಯ ಬಾಗೇ ಅಡ್ಡ ಬರುತ್ತದೆ. ಅದರಾಚೆಗೆ 5 ವ್ಯಾಟನ್ನು 25 ಮಾಡಿದರೂ ಸಿಗುವ ಲಾಭ ಚೂರುಪಾರು. ಕಪ್ಪತಗುಡ್ಡದ ಡೋಣಿ ಮಗ್ಗುಲಲ್ಲಿ ಒಬ್ಬ, ಗುಡ್ಡದ ಆಚೆ ಮಗ್ಗುಲಲ್ಲಿ ಇನ್ನೊಬ್ಬ ನಿಂತರೆ 50 ವ್ಯಾಟೂ ಗುಡ್ಡ ಕೊರೆದುಕೊಂಡು ಹೋಗುವುದಿಲ್ಲ. (ಅಂದಹಾಗೆ ಕಪ್ಪತಗುಡ್ಡ ಈಗ ವನ್ಯಜೀವಿ ಧಾಮ. ರಸ್ತೆ ಬಿಟ್ಟು ಜೀಪ್ ಹತ್ತಿಸುವ ಜಾಗ ಅಲ್ಲ ಅದು.) ಅಲ್ಲಿ ಕೆಲಸಕ್ಕೆ ಬರುವುದು ಆಂಟೆನಾದ ಎತ್ತರ, ಇಲ್ಲವೇ ಏರಿನ ಮೇಲೆ ನಿಂತು ಎರಡೂ ಕಡೆಯ ಮಾತು ದಾಟಿಸುವ ಒಬ್ಬ ಗೆಳೆಯ.

ಆಂಟೆನಾದ ಉದ್ದ ಅಂಗಡಿಯವನು ಹೇಳಿದಷ್ಟಲ್ಲ, ಫ್ರೀಕ್ವೆನ್ಸಿ ಹೇಳಿದಷ್ಟು. 300 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. ಅದರ ಕಾಲು ಭಾಗ ತಗೊಳ್ಳಿ. 145ಕ್ಕೆ ಹತ್ತಿರ ಹತ್ತಿರ ಅರ್ಧ ಮೀಟರ್ ಸಲಾಕೆ. ಸಾಮಾನ್ಯ ಜನರ ಮಾತಿಗೆಂದು ಇರುವ 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡಿಗೆ ಹೋದರೆ ಪೂರಾ ಕಾಲು ಅಲೆ ಸುಮಾರು 2.75 ಮೀಟರ್ ಆಗುತ್ತದೆ. ಅದನ್ನು ಹೊತ್ತು ಮರದ ಕೊಂಬೆಗಳ ಕೆಳಗೆ ಹೋಗುವುದು ಹೇಗೆ, ಅಲ್ವಾ?

ಈ ಕಾಲು ಅಲೆಯ ಸಲಾಕೆಗೆ ಕೆಳಗೆ ತಗಡು ಬೇಕು. ಆ ತಗಡೇ ಆಂಟೆನಾದ ಉಳಿದ ಅರ್ಧ. ಜಿಮ್ನಿಯ ಛಾವಣಿ ಉಕ್ಕಿನದು, ಮ್ಯಾಗ್ನೆಟ್ ಬೇಸನ್ನು ನಟ್ಟನಡುವೆ ಇಟ್ಟರೆ ಮುಗಿಯಿತು. ಕೆಳಗೆ ಧೂಳು ಸೇರದಂತೆ ಒರೆಸುತ್ತಿರಿ, ಇಲ್ಲದಿದ್ದರೆ ಬಣ್ಣ ಗೀಚುತ್ತದೆ. ಮೂರು ಬಾಗಿಲಿನ ಥಾರ್ ಗಾಡಿಯ ಹಾರ್ಡ್‌ಟಾಪ್ ಫೈಬರಿನದು, ಸಾಫ್ಟ್‌ಟಾಪ್ ಬಟ್ಟೆ. ಮ್ಯಾಗ್ನೆಟ್ ಕೂರುವುದೇ ಇಲ್ಲ. ಟೇಪ್ ಸುತ್ತಿ ಕೂರಿಸಿದವರನ್ನೂ ನೋಡಿದ್ದೇನೆ. ಅಂಥ ಗಾಡಿಗೆ ಬಾನೆಟ್ಟಿನ ಕೀಲಿನ ಹತ್ತಿರ ಬ್ರಾಕೆಟ್ ಹಾಕುವುದು ನನ್ನ ಪದ್ಧತಿ. ಬ್ರಾಕೆಟ್ ಕೂರುವಲ್ಲಿ ಬಣ್ಣ ಕೆರೆದು ಬಾಡಿಗೆ ಅರ್ಥ್ ತಾಗಿಸಬೇಕು. ಅದು ಆಗದಿದ್ದರೆ ತಗಡು ಬೇಡದ ಅರ್ಧ ಅಲೆಯ ಆಂಟೆನಾ ತಗೊಳ್ಳಿ.

‘ಹೈ ಗೇನ್’ ಅನ್ನುವ ಉದ್ದ ಆಂಟೆನಾಗೆ ಮರುಳಾಗಬೇಡಿ. ಗೇನ್ ಅಂದರೆ ಹೊಸ ಶಕ್ತಿ ಹುಟ್ಟುವುದಲ್ಲ, ಇರುವ ಶಕ್ತಿಯನ್ನೇ ರೊಟ್ಟಿ ತಟ್ಟಿದ ಹಾಗೆ ತೆಳ್ಳಗೆ ಹರಡುವುದು. ಹೆದ್ದಾರಿಯಲ್ಲಿ ಅದು ಒಳ್ಳೆಯದೇ. ಇಳಿಜಾರಿನಲ್ಲಿ ಗಾಡಿ ವಾಲಿದಾಗ ಆ ತೆಳು ಹರವು ಒಂದು ಕಡೆ ಆಕಾಶಕ್ಕೆ, ಇನ್ನೊಂದು ಕಡೆ ಮಣ್ಣಿಗೆ ಹೋಗುತ್ತದೆ. ಗುಡ್ಡಗಾಡಿಗೆ ಗಿಡ್ಡ ಸಲಾಕೆಯೇ ವಾಸಿ.

ಕೇಬಲ್ಲಿನಲ್ಲೂ ಜನ ಕಂಜೂಸಿ ಮಾಡುತ್ತಾರೆ. ಟಿವಿ ಕೇಬಲ್ 75 ಓಮ್, ಸೆಟ್ಟಿಗೆ ಬೇಕಾದ್ದು 50 ಓಮ್, ಎರಡೂ ಹೊಂದುವುದಿಲ್ಲ. ಆರ್‌ಜಿ-58 ಕೇಬಲ್ 145ರಲ್ಲಿ ನಡೆಯುತ್ತದೆ. ಹ್ಯಾಮ್‌ಗಳ 435ರ ಆಸುಪಾಸಿನ ಬ್ಯಾಂಡಿಗೆ ಐದು ಮೀಟರ್ ಎಳೆದರೆ ಶಕ್ತಿಯ ಮೂರನೇ ಒಂದು ಪಾಲು ಕೇಬಲ್ಲಿನಲ್ಲೇ ಹೋಯಿತು. ಫಿಟ್ಟಿಂಗ್ ಮುಗಿದ ಮೇಲೆ ಆಂಟೆನಾ ಸೆಟ್ಟಿಗೆ ಹೊಂದಿದೆಯೋ ಅಂತ ಅಳೆಯುವ ಎಸ್‌ಡಬ್ಲ್ಯೂಆರ್ ಮೀಟರ್ ಹಾಕಿ ತೋರಿಸಿ ಅಂತ ಕೇಳಿ. 1.5ರ ಒಳಗಿದ್ದರೆ ಚೆನ್ನ. 3 ಬಂದರೆ ಕಾಲು ಭಾಗ ಶಕ್ತಿ ಹೊರಗೆ ಹೋಗದೆ ವಾಪಸ್ ಬರುತ್ತಿದೆ ಅಂತ ಅರ್ಥ. ಮೀಟರ್ ಇಲ್ಲದ ಫಿಟ್ಟರ್ ಹತ್ತಿರ ಗಾಡಿ ಬಿಡಬೇಡಿ.

ಕರೆಂಟನ್ನು ಬ್ಯಾಟರಿಯಿಂದಲೇ ನೇರವಾಗಿ, ಬುಡದಲ್ಲಿ ಫ್ಯೂಸ್ ಹಾಕಿ ತನ್ನಿ. 50 ವ್ಯಾಟಿನ ಸೆಟ್ ಮಾತಾಡುವಾಗ ಹತ್ತು ಆಂಪಿಯರಿನ ಮೇಲೆ ಎಳೆಯುತ್ತದೆ. ಸಿಗರೇಟ್ ಲೈಟರಿನ ತೂತು ಅದಕ್ಕಲ್ಲ.

ಮೊನ್ನೆ ಒಬ್ಬ ಹುಡುಗ ಬಂದಿದ್ದ, ಅವನೂ ಹ್ಯಾಮ್ ಲೈಸೆನ್ಸಿನವನೇ. ‘ಹಗಲು ಚಲೋ ಕೇಳಸ್ತೈತ್ರಿ, ಕತ್ತಲಾದ್ರ ಬರೇ ಗೊರಗೊರ’ ಅಂದ. ಸೆಟ್ ಬಿಚ್ಚುವ ಮೊದಲು ಛಾವಣಿ ನೋಡಿದೆ. ಕ್ಯಾರಿಯರಿನ ಮುಂದೆ ಉದ್ದದ ಎಲ್‌ಇಡಿ ಬಾರ್. ಅದರ ಪಕ್ಕಕ್ಕೇ, ಗೇಣು ಅಂತರದಲ್ಲಿ ಆಂಟೆನಾ. ಸ್ವಿಚ್ ಒತ್ತಿದೆ, ಸೆಟ್ಟಿನಿಂದ ಗೊರಗೊರ ಶುರು. ಆರಿಸಿದೆ, ಗಪ್ಪಾಯಿತು. ಅಗ್ಗದ ಎಲ್‌ಇಡಿಗಳ ಒಳಗಿನ ಡ್ರೈವರ್ ಸರ್ಕ್ಯೂಟ್ ತಾನೇ ಒಂದು ಸಣ್ಣ ಗದ್ದಲದ ರೇಡಿಯೊ. ಆಂಟೆನಾವನ್ನು ಹಿಂದಿನ ಮೂಲೆಗೆ ಒಯ್ದು, ಬಾರಿನ ವೈರಿಗೆ ಗದ್ದಲ ತಡೆಯುವ ಎರಡು ಫೆರೈಟ್ ಕ್ಲಿಪ್ ಹಾಕಿದೆ. ಪೂರಾ ಹೋಗಲಿಲ್ಲ, ಮಾತು ತಿಳಿಯುವಷ್ಟಾಯಿತು. ಅವನು ಅಷ್ಟರಲ್ಲಾಗಲೇ ಇನ್ನೂ ದೊಡ್ಡ ವ್ಯಾಟಿನ ಸೆಟ್ ಕೊಳ್ಳುವ ಲೆಕ್ಕ ಹಾಕಿದ್ದ. ಕಿವಿಯಲ್ಲೇ ಗದ್ದಲ ಇದ್ದವನು ಜೋರಾಗಿ ಕೂಗಿ ಏನು ಪ್ರಯೋಜನ?

ಕಡೆಗೆ ಎರಡು ಕೋರಿಕೆ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಗಾರರಿಗೆ ಮಾರ್ಗಸೂಚಿ ಹೊರಡಿಸಿದೆ. ವಾಕಿಟಾಕಿ ಮಾರುವಾಗ ಫ್ರೀಕ್ವೆನ್ಸಿ, ಲೈಸೆನ್ಸ್ ಬೇಕೋ ಬೇಡವೋ, ಇಟಿಎ ಇದೆಯೋ ಅನ್ನುವುದನ್ನು ತೋರಿಸಬೇಕು ಅಂತ. ನಮ್ಮ ಹುಬ್ಬಳ್ಳಿ-ಧಾರವಾಡದ ಅಂಗಡಿಗಳವರೂ ಬಿಲ್ಲಿನ ಮೇಲೆ ಫ್ರೀಕ್ವೆನ್ಸಿ ಮತ್ತು ಇಟಿಎ ನಂಬರ್ ಬರೆದು ಕೊಡಲಿ. ಬರೆಯಲು ಒಪ್ಪದ ಅಂಗಡಿಯಿಂದ ನಿಮ್ಮ ಓದುಗರು ಎದ್ದು ಬರಲಿ.

ಇನ್ನೊಂದು ನಿಮಗೆ. ಸ್ಪರ್ಧಾತ್ಮಕ ಪರೀಕ್ಷೆಗಳ ದಿನಾಂಕ ಹಾಕುವ ಪುಟದಲ್ಲೇ ಹ್ಯಾಮ್ ಪರೀಕ್ಷೆಯ ಪ್ರಕಟಣೆಗೂ ನಾಲ್ಕು ಸಾಲು ಜಾಗ ಕೊಡಿ. ಇಲ್ಲಿ ಇಷ್ಟು ಎಂಜಿನಿಯರಿಂಗ್ ಕಾಲೇಜುಗಳಿವೆ, ಕೂರುವ ಹುಡುಗರಿಗೇನೂ ಬರವಿಲ್ಲ.

ಒಬ್ಬ ಗಾಡಿ ಇಲೆಕ್ಟ್ರಿಷಿಯನ್,
ಗೋಕುಲ ರಸ್ತೆ, ಹುಬ್ಬಳ್ಳಿ