ಕಸುಬು ಬಲ್ಲವರಿಗೆ ಮೌಲ್ಯಮಾಪನದ ವ್ಯವಸ್ಥೆ ಬೇಕು

ಮಾನ್ಯ ಸಂಪಾದಕರೇ,

ಪೀಣ್ಯದ ಯಂತ್ರಶಾಲೆಗಳಲ್ಲಿ ವರ್ಷಗಟ್ಟಲೆ ದುಡಿದು, ನಲವತ್ತರ ಆಸುಪಾಸಿನಲ್ಲಿ ಕೆಲಸ ಕಳೆದುಕೊಂಡವರ ಸ್ವವಿವರದಲ್ಲಿ ಸಾಮಾನ್ಯವಾಗಿ ಇರುವುದು ‘ಸಿಎನ್‌ಸಿ ಆಪರೇಟರ್, ಅನುಭವವಿದೆ’ ಎಂಬ ಒಂದೇ ಸಾಲು; ಅಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರ ನಡೆಸಬಲ್ಲರು ಎಂದಷ್ಟೇ. ಆದರೆ ಬಿಡಿಭಾಗ ಕೂರಿಸಿ ಗುಂಡಿ ಒತ್ತುವುದು ಬೇರೆ; ಡ್ರಾಯಿಂಗ್ ಓದಿ, ಮೈಕ್ರೊಮೀಟರಿನಲ್ಲಿ ಅಳತೆ ಹಿಡಿದು, ಟೂಲ್ ಸವೆದಂತೆ ಯಂತ್ರಕ್ಕೆ ಕೊಟ್ಟ ಅಳತೆಯ ಹೊಂದಾಣಿಕೆ, ಅಂದರೆ ಆಫ್‌ಸೆಟ್ ತಿದ್ದಿ, ಅಗತ್ಯ ಬಿದ್ದರೆ ಪ್ರೋಗ್ರಾಮನ್ನೇ ಬದಲಿಸುವುದು ಬೇರೆ. ಎರಡನೆಯದನ್ನು ಬಲ್ಲವರು ಯಂತ್ರವನ್ನು ಕೆಲಸಕ್ಕೆ ಸಜ್ಜುಗೊಳಿಸುವ ಸೆಟ್ಟರ್ ಹುದ್ದೆಗೆ ಧೈರ್ಯವಾಗಿ ಅರ್ಜಿ ಹಾಕಬಹುದು. ತಾನು ಎಲ್ಲಿದ್ದೇನೆ ಎಂಬುದನ್ನು ಕಾರ್ಮಿಕನೇ ಪ್ರಾಮಾಣಿಕವಾಗಿ ಬರೆದುಕೊಳ್ಳಬೇಕು, ನಿಜ. ಆದರೆ ಐಟಿಐ ಪ್ರಮಾಣಪತ್ರವಿಲ್ಲದವನ ಮಾತನ್ನು ಸಂದರ್ಶಕರು ನಂಬುವುದು ಅಷ್ಟಕ್ಕಷ್ಟೇ.

ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ, ದುಡಿಯುತ್ತಲೇ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಅವಕಾಶ 2015ರಿಂದಲೇ ಇದ್ದರೂ, ನಾನು ಕಂಡಂತೆ ಕಾರ್ಖಾನೆಗಳೊಳಗೆ ಅದರ ಹೆಸರು ಕೇಳಿದವರು ವಿರಳ. ಯುವನಿಧಿಯ 3,000 ರೂಪಾಯಿ ಹೊಸ ಪದವೀಧರರಿಗೆ, ಅದು ಸರಿಯೇ. ನಡುವಯಸ್ಸಿನವರಿಗೆ ಹಣಕ್ಕಿಂತ ಮೊದಲು ಬೇಕಾದದ್ದು ಇಂತಹ ಮೌಲ್ಯಮಾಪನ. ರಾಜ್ಯ ಸರ್ಕಾರದ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರಗಳು (ಜಿಟಿಟಿಸಿ) ತಮ್ಮ ಯಂತ್ರಗಳ ಮೇಲೆಯೇ, ಭಾನುವಾರಗಳಂದು, ಕಡಿಮೆ ಶುಲ್ಕದಲ್ಲಿ ಈ ಪರೀಕ್ಷೆ ನಡೆಸಿ, ಅಭ್ಯರ್ಥಿ ಬಲ್ಲದ್ದೇನು, ಇನ್ನೂ ಕಲಿಯಬೇಕಾದದ್ದೇನು ಎಂಬುದನ್ನು ಬರಹದಲ್ಲಿ ಕೊಡುವಂತಾಗಲಿ.

– ಓದುಗ, ಪೀಣ್ಯ, ಬೆಂಗಳೂರು