ಹಳೆಯ ತಂಡದ ಹೆಸರು, ಹೊಸ ಹಾಡಿನ ಒಡೆತನ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಕಳುಹಿಸಿದ ಹಾಡುಗಳನ್ನು ಕೇಳಿದೆ. ನಿನ್ನ ಪತ್ರದಲ್ಲಿ ಪ್ರಶ್ನೆ ಎರಡೇ ಇವೆ. ಹೊಸ ಆಲ್ಬಮ್ಮಿನ ಮುಖಪುಟದ ಮೇಲೆ ನೀನು ಹಾಡುತ್ತಿದ್ದ ಹಳೆಯ ತಂಡದ ಹೆಸರು ಹಾಕಬೇಕೇ? ಆಲ್ಬಮ್ ಹೊರತರುವ ಆ ಸಣ್ಣ ಕಂಪನಿಯವರು, ಅಂದರೆ ಲೇಬಲ್‌ನವರು, ಕೊಡುತ್ತೇವೆಂದಿರುವ ಮುಂಗಡ ಪಡೆಯಬೇಕೇ? ಎರಡಕ್ಕೂ ನನ್ನ ಉತ್ತರ ಬೇಡ ಎಂದೇ. ಐವತ್ತರ ಹತ್ತಿರ ಬಂದವಳಿಗೆ ಬರಿಯ ‘ಬೇಡ’ ಸಾಲದು, ಆದ್ದರಿಂದ ಕಾರಣಗಳನ್ನೂ ಬರೆಯುತ್ತಿದ್ದೇನೆ. ಜೀವನವಿಡೀ ಲೆಕ್ಕಪತ್ರ ನೋಡಿದವನು ನಾನು. ಸಂಗೀತದ ಮಾತಿನಲ್ಲೂ ಲೆಕ್ಕ ನುಸುಳಿದರೆ ಬೇಸರಪಡಬೇಡ.

ತೊಂಬತ್ತರ ದಶಕದಲ್ಲಿ ನಿಮ್ಮ ತಂಡವನ್ನು ಬೆಳೆಸಿದ್ದು ಕಾಲೇಜು ರೇಡಿಯೋ. ಅಮೆರಿಕದ ಎಫ್‌ಎಂನ ಎಡತುದಿ, 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಜಾಗ, ವಾಣಿಜ್ಯೇತರ ಕೇಂದ್ರಗಳಿಗೆ ಮೀಸಲು. ಅಲ್ಲಿ ವಿದ್ಯಾರ್ಥಿಗಳು ನಿದ್ದೆಗೆಟ್ಟು ನಿನ್ನ ದನಿಯನ್ನು ಊರೂರಿಗೆ ಮುಟ್ಟಿಸಿದರು. ಅದಕ್ಕಾಗಿ ನಿನ್ನ ಕೈಗೆ ಬಂದ ಹಣ ಸೊನ್ನೆ. ಯಾರೂ ಮೋಸ ಮಾಡಲಿಲ್ಲ, ಅಮೆರಿಕದ ಕಾನೂನೇ ಹಾಗಿದೆ. ಎಫ್‌ಎಂನಲ್ಲಿ ಹಾಡು ಪ್ರಸಾರವಾದರೆ ರಾಯಲ್ಟಿ ಸಲ್ಲುವುದು ಬರೆದವರಿಗೆ ಮತ್ತು ಅವರ ಪ್ರಕಾಶಕರಿಗೆ. ಹಾಡಿದವರಿಗೆ ಒಂದು ಸೆಂಟೂ ಇಲ್ಲ. ನಿಮ್ಮಲ್ಲಿ ಬರೆಯುತ್ತಿದ್ದವನು ಗಿಟಾರಿನ ಹುಡುಗ. ಹಾಗಾಗಿ ಜನರಿಗೆ ನೆನಪಿರುವುದು ನಿನ್ನ ದನಿಯಾದರೂ ಚೆಕ್ಕು ಹೋದದ್ದು ಅವನ ಮನೆಗೆ.

ಈ ಸಲ ಬರೆದವಳೂ ನೀನೇ. ಎಎಸ್‌ಸಿಎಪಿ, ಬಿಎಂಐ ಎಂಬ ಸಂಸ್ಥೆಗಳು ಬರೆದವರ ಪರವಾಗಿ ರಾಯಲ್ಟಿ ವಸೂಲು ಮಾಡುತ್ತವೆ, ಎರಡರಲ್ಲೊಂದಕ್ಕೆ ಸೇರಿಕೊಂಡು ಹಾಡುಗಳನ್ನು ನೋಂದಾಯಿಸು. ಸ್ಟ್ರೀಮಿಂಗ್‌ನಿಂದ ಬರುವ ಮೆಕಾನಿಕಲ್ ರಾಯಲ್ಟಿಗೆ, ಅಂದರೆ ಹಾಡಿನ ಪ್ರತಿ ಮಾಡಿದ್ದಕ್ಕೆ ಬರೆದವರಿಗೆ ಸಲ್ಲುವ ಹಣಕ್ಕೆ, ಎಂಎಲ್‌ಸಿ ಎಂಬ ಬೇರೆಯೇ ಸಂಸ್ಥೆ ಇದೆ. 2018ರ ಕಾಯ್ದೆಯಿಂದ ಹುಟ್ಟಿ 2021ರಲ್ಲಿ ಕೆಲಸ ಆರಂಭಿಸಿತು. ಅಲ್ಲೂ ಹೆಸರು ಬರೆಸು. ಬೇಸರದ ಕೆಲಸ, ಒಂದು ಮಧ್ಯಾಹ್ನ ಕುಳಿತು ಮುಗಿಸಿಬಿಡು.

ಇನ್ನು ಮುಂಗಡದ ಮಾತು. ಲೇಬಲ್‌ನವರ ಒಪ್ಪಂದದ ಕರಡನ್ನು ಓದಿದೆ. ಮೊತ್ತ ದೊಡ್ಡದಾಗಿಯೇ ಕಾಣುತ್ತದೆ, ಆದರೆ ಅದು ನಿನ್ನ ಪಾಲಿನಿಂದಲೇ ಮುರಿದುಕೊಳ್ಳುವ ಹಣ. ಅದಕ್ಕೆ ಬದಲಾಗಿ ಮಾಸ್ಟರ್, ಅಂದರೆ ಎಲ್ಲ ಪ್ರತಿಗಳಿಗೂ ಮೂಲವಾದ ಧ್ವನಿಮುದ್ರಣ, ಶಾಶ್ವತವಾಗಿ ಅವರದಾಗುತ್ತದೆ. ಉಪಗ್ರಹ ರೇಡಿಯೋ ಮತ್ತು ಅಂತರ್ಜಾಲ ರೇಡಿಯೋದ ಹಣ ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆಯ ಮೂಲಕ ಬರುತ್ತದೆ. ಅದರಲ್ಲಿ ನೂರಕ್ಕೆ 50 ಪಾಲು ಮಾಸ್ಟರ್ ಯಾರದೋ ಅವರಿಗೆ, 45 ಪಾಲು ಮುಖ್ಯ ಕಲಾವಿದರಿಗೆ, ಉಳಿದ 5 ಹಿನ್ನೆಲೆಯಲ್ಲಿ ಹಾಡಿದ, ನುಡಿಸಿದವರಿಗೆ. ಮಾಸ್ಟರ್ ನಿನ್ನದಾಗಿದ್ದರೆ ನೂರಕ್ಕೆ ತೊಂಬತ್ತೈದು ನಿನ್ನದು. ಸಹಿ ಹಾಕಿದ ಮರುದಿನ ಅದು ನಲವತ್ತೈದು. ಬೀಜದ ಕಾಳನ್ನೇ ಮಾರಿ ಹಬ್ಬ ಮಾಡಿದಂತಾಗುತ್ತದೆ.

ಅವರು ಕೆಟ್ಟವರೆಂದು ಹೇಳುತ್ತಿಲ್ಲ. ಅವರ ವಿತರಣೆ ನಿನಗೆ ನಿಜವಾಗಿಯೂ ಬೇಕಿದ್ದರೆ ಐದಾರು ವರ್ಷದ ಪರವಾನಗಿ ಕೊಡು, ಅವಧಿ ಮುಗಿದ ಮೇಲೆ ಎಲ್ಲವೂ ನಿನಗೆ ಮರಳಲಿ. ಇದನ್ನು ಕೇಳಲು ನಾಚಿಕೆ ಬೇಡ. ಟೆನ್ ಥೌಸಂಡ್ ಮೇನಿಯಾಕ್ಸ್ ಎಂಬ ತಂಡ ಬಿಟ್ಟು ಹೊರಬಂದ ನಟಾಲಿ ಮರ್ಚಂಟ್ 1995ರ ತನ್ನ ಮೊದಲ ಏಕವ್ಯಕ್ತಿ ಆಲ್ಬಮ್ಮಿನ ಧ್ವನಿಮುದ್ರಣಕ್ಕೆ ತನ್ನದೇ ಹಣ ಹಾಕಿದಳು, ಅದು ತನಗೆ ಬೇಕಾದಂತೆಯೇ ಮೂಡಿಬರಲಿ ಎಂದು. ಆಮೇಲೆ ದೊಡ್ಡ ಲೇಬಲ್ಲೇ ಅದನ್ನು ಹೊರತಂದಿತು. ಥ್ರೋಯಿಂಗ್ ಮ್ಯೂಸಸ್ ತಂಡದ ಕ್ರಿಸ್ಟಿನ್ ಹರ್ಷ್ 2007ರಿಂದೀಚೆಗೆ ಕೇಳುಗರು ಕೊಡುವ ಚಂದಾದ ಬಲದಲ್ಲೇ ಧ್ವನಿಮುದ್ರಣ ಮಾಡುತ್ತಾ ಬಂದಿದ್ದಾಳೆ. ಇಬ್ಬರೂ ಕಾಲೇಜು ರೇಡಿಯೋ ಬೆಳೆಸಿದವರೇ. ಅವರಿಗಿದ್ದಷ್ಟು ಕೇಳುಗರು ನಿನಗಿಲ್ಲ, ನಿಜ. ಆದರೆ ಕೇಳುಗರು ಕಡಿಮೆ ಇರುವವರಿಗೆ ಒಡೆತನ ಇನ್ನಷ್ಟು ಮುಖ್ಯ, ಸಣ್ಣ ರೊಟ್ಟಿಯನ್ನು ಹಂಚುತ್ತಾ ಹೋದರೆ ಉಳಿಯುವುದೇನು?

ಕೇಳುಗರಿಂದ ಮುಂಚಿತವಾಗಿ ಹಣ ಕೂಡಿಸುವ ಯೋಚನೆ ಒಳ್ಳೆಯದೇ. ಒಂದೇ ಎಚ್ಚರ: ಹಣ ಬಹುಕಾಲ ಬೇರೆಯವರ ಖಾತೆಯಲ್ಲಿ ಕೂರದಿರಲಿ. ಅದೇ ಕೆಲಸಕ್ಕೆಂದು ಇದ್ದ ಪ್ಲೆಡ್ಜ್‌ಮ್ಯೂಸಿಕ್ ಎಂಬ ಜಾಲತಾಣ 2019ರಲ್ಲಿ ಮುಳುಗಿದಾಗ ಅನೇಕ ಕಲಾವಿದರ ಹಣ ಅದರ ಜೊತೆಯೇ ಮುಳುಗಿತು. ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಕೇಳುಗರಿಗೆ ನೇರವಾಗಿ ಮಾರಿದರೆ ಡಿಜಿಟಲ್ ಮಾರಾಟಕ್ಕೆ ನೂರಕ್ಕೆ 15, ಎಲ್‌ಪಿ ತಟ್ಟೆ, ಟೀ ಶರ್ಟುಗಳಂತಹ ವಸ್ತುಗಳಿಗೆ 10 ಹಿಡಿಯುತ್ತಾರೆ. ಪಾವತಿಯ ಖರ್ಚು ಬೇರೆ. ಸ್ಪಾಟಿಫೈಯಲ್ಲಿ 2024ರಿಂದ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಏನೂ ಹುಟ್ಟುವುದಿಲ್ಲ. ಅಲ್ಲಿಯೂ ಹಾಡು ಇರಲಿ, ಹುಡುಕಿಕೊಂಡು ಬರುವವರಿಗೆ ಸಿಗಬೇಕಲ್ಲ. ಆದರೆ ಆ ಹಣವನ್ನು ಬಜೆಟ್ಟಿನಲ್ಲಿ ಬರೆಯಬೇಡ.

ಇನ್ನು ಹೆಸರು. ‘ಇಂಥ ತಂಡದ ಮಾಜಿ ಗಾಯಕಿ’ ಎಂದು ಪರಿಚಯದ ಟಿಪ್ಪಣಿಯಲ್ಲಿ ಒಂದು ಸಾಲು ಬರೆದುಕೋ, ಅದು ಸತ್ಯ. ಮುಖಪುಟದಲ್ಲಿ ಮಾತ್ರ ಬೇಡ. ಹಳೆಯ ಹಾಡುಗಳನ್ನು ನಿರೀಕ್ಷಿಸಿ ಬಂದವರು ನಿನ್ನ ಈಗಿನ ಹಾಡುಗಳನ್ನು ಕೇಳಿ ‘ಅದಲ್ಲವಲ್ಲ’ ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆ ಹೆಸರು ನಿನ್ನೊಬ್ಬಳದಲ್ಲ. ಮೂವರು ಹಳೆಯ ಗೆಳೆಯರ ಮನಸ್ಸು ಕೆಡಿಸುವ ಸಮಯ ಇದಂತೂ ಅಲ್ಲ. ಯಾಕೆಂದು ಹೇಳುತ್ತೇನೆ, ಈ ಭಾಗವನ್ನು ಎರಡು ಸಲ ಓದು.

ನಿಮ್ಮ ಆಲ್ಬಮ್ಮಿನ ಒಪ್ಪಂದಕ್ಕೆ 1994ರಲ್ಲಿ ಸಹಿಯಾಯಿತು. ಅಮೆರಿಕದ 1976ರ ಹಕ್ಕುಸ್ವಾಮ್ಯ ಕಾಯ್ದೆಯ 203ನೆಯ ಕಲಮಿನ ಪ್ರಕಾರ, ಬರೆದುಕೊಟ್ಟ ಹಕ್ಕನ್ನು ಮೂವತ್ತೈದು ವರ್ಷಗಳ ನಂತರ ಕಲಾವಿದರು ಹಿಂಪಡೆಯಬಹುದು. ಹಾಗಾದರೆ 2029ರಿಂದ. ಆದರೆ ಹಿಂಪಡೆಯುವ ದಿನಕ್ಕೆ ಕನಿಷ್ಠ ಎರಡು ವರ್ಷ ಮೊದಲು ಬರಹದಲ್ಲಿ ನೋಟಿಸ್ ಕೊಟ್ಟಿರಬೇಕು. ಮೊದಲ ದಿನವೇ ಬೇಕೆಂದರೆ 2027ಕ್ಕೆ ಕೊಡಬೇಕಾಗುತ್ತದೆ. ಒಪ್ಪಂದದ ಮಾತುಗಳನ್ನು ಅನುಸರಿಸಿ ತಾರೀಖು ಸ್ವಲ್ಪ ಹಿಂದೆ ಮುಂದೆ ಆಗಬಹುದು, ಅದನ್ನು ವಕೀಲರು ಲೆಕ್ಕ ಹಾಕಲಿ. ಜಂಟಿ ಕೃತಿಯ ಹಕ್ಕನ್ನು ಜೊತೆಯಾಗಿ ಬರೆದುಕೊಟ್ಟಿದ್ದರೆ ಸಹಿ ಹಾಕಿದವರಲ್ಲಿ ಬಹುಮತ ಒಪ್ಪಬೇಕು. ನಾಲ್ವರಲ್ಲಿ ಮೂವರು. ಈಗ ತಿಳಿಯಿತೇ, ಹೆಸರಿನ ಜಗಳ ಯಾಕೆ ಬೇಡವೆಂದು? ಲೇಬಲ್‌ಗಳು ಸುಲಭವಾಗಿ ಮಣಿಯುವುದಿಲ್ಲ. ಧ್ವನಿಮುದ್ರಣ ಎಂಬುದು ನಮಗಾಗಿ ಮಾಡಿಕೊಟ್ಟ ಕೆಲಸ, ಮರಳಿಸುವ ಪ್ರಶ್ನೆಯೇ ಇಲ್ಲ ಎಂದು ವಾದಿಸುತ್ತವೆ. ಮರಳಿ ಬಂದರೂ ಅಮೆರಿಕದೊಳಗಿನ ಹಕ್ಕು ಮಾತ್ರ ಎಂದೂ ಹೇಳುತ್ತವೆ. ಆದರೂ ಕೇಳದೆ ಬಿಡುವ ಸೊತ್ತಲ್ಲ. ಡ್ರಮ್ಮು ಬಾರಿಸುತ್ತಿದ್ದವಳ ಜೊತೆ ನೀನು ಈಗಲೂ ಮಾತನಾಡುತ್ತೀಯಲ್ಲ, ಅಲ್ಲಿಂದ ಶುರು ಮಾಡು. ಗಿಟಾರಿನವನಿಗೆ ನೀನೇ ಫೋನ್ ಮಾಡಬೇಕು, ಬೇರೆಯವರ ಮೂಲಕ ಹೇಳಿಸಿದರೆ ಅವನು ಒಪ್ಪುವ ಜಾತಿಯಲ್ಲ.

ಈಗಿನ ಜೊತೆಗಾರರೊಂದಿಗೂ ಒಂದು ಒಪ್ಪಂದದ ಕಾಗದ ಮಾಡಿಕೋ. ಕೀಬೋರ್ಡಿನ ಹುಡುಗ ಒಳ್ಳೆಯವನು, ಒಪ್ಪುತ್ತೇನೆ. ಒಳ್ಳೆಯವನಾಗಿರುವಾಗಲೇ ಯಾರ ಪಾಲು ಎಷ್ಟು ಎಂದು ಬರೆದಿಡಬೇಕು. ಆಮೇಲೆ ಆಲ್ಬಮ್ಮನ್ನು ಹಕ್ಕುಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸು. ಬಿಡುಗಡೆಯಾದ ಮೂರು ತಿಂಗಳೊಳಗೆ ಮಾಡಿಸಿದರೆ, ಮುಂದೆ ಯಾರಾದರೂ ಕದ್ದಾಗ ಕಾನೂನು ನಿಗದಿಪಡಿಸಿದ ಪರಿಹಾರವನ್ನು ಕೇಳುವ ಅವಕಾಶ ಉಳಿಯುತ್ತದೆ.

ಹಾಡುಗಳ ಬಗ್ಗೆ ಇನ್ನೂ ಏನೂ ಹೇಳಲಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ. ಶ್ರುತಿ ಇಳಿಸಿ ಹಾಡಿರುವ ಎರಡು ಹಾಡುಗಳು ನನಗೆ ತುಂಬ ಹಿಡಿಸಿದವು. ಮೊದಲು ನೀನು ತಾರದಲ್ಲಿ ಕೂಗಿ ಗೆಲ್ಲುತ್ತಿದ್ದೆ. ಈಗ ಕೆಳಗಿನ ಸ್ವರಗಳಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತದೆ, ಅರ್ಥ ಮುಟ್ಟುತ್ತದೆ. ಮೂರನೆಯದರಲ್ಲಿ ಹಳೆಯ ಎತ್ತರಕ್ಕೆ ಹೋಗಲು ಹೆಣಗಿದ್ದೀಯ. ಯಾರನ್ನು ಮೆಚ್ಚಿಸಲು? ಎರಡು ಮೆಟ್ಟಿಲು ಇಳಿಸಿ ಮತ್ತೊಮ್ಮೆ ಹಾಡಿ ನೋಡು. ಕೊನೆಯದರಲ್ಲಿ ಕೀಬೋರ್ಡು ವಿಪರೀತ, ನಿನ್ನ ದನಿ ಅದರಡಿ ಹೂತುಹೋಗಿದೆ. ಎಲ್‌ಪಿ ಮಾಡಿಸುವುದಾದರೆ ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ನಿಲ್ಲಿಸು. ಅದಕ್ಕಿಂತ ತುರುಕಿದರೆ ಗೀರುಗಳು ಒತ್ತೊತ್ತಾಗಿ ಸದ್ದು ಸೊರಗುತ್ತದೆ.

ಕಾಲೇಜು ಕೇಂದ್ರಗಳಿಗೆ ಪ್ರತಿ ಕಳುಹಿಸುವುದನ್ನು ಬಿಡಬೇಡ. ಹಳೆಯ ಪಟ್ಟಿಯನ್ನು ಮಾತ್ರ ನಂಬಬೇಡ. ಸ್ಯಾನ್ ಫ್ರಾನ್ಸಿಸ್ಕೋದ ಕೆಯುಎಸ್‌ಎಫ್ 2011ರಲ್ಲಿ ಎಫ್‌ಎಂನಿಂದ ಮರೆಯಾಯಿತು. ನ್ಯೂಜೆರ್ಸಿಯ ಡಬ್ಲ್ಯುಎಫ್‌ಎಂಯು ಇದಕ್ಕೆ ತದ್ವಿರುದ್ಧ, ಅದನ್ನು ಹೆತ್ತ ಅಪ್ಸಾಲಾ ಕಾಲೇಜು 1995ರಲ್ಲಿ ಮುಚ್ಚಿಹೋದರೂ ಅದು ಕೇಳುಗರ ದೇಣಿಗೆಯಲ್ಲಿ ಇಂದಿಗೂ ನಡೆಯುತ್ತಿದೆ. ಆ ಕೇಂದ್ರಗಳಲ್ಲಿ ಈಗ ಹಾಡು ಆರಿಸುವವರು ನಿಮ್ಮ ಆಲ್ಬಮ್ ಬಂದಾಗ ಹುಟ್ಟಿಯೇ ಇರಲಿಲ್ಲ. ಅವರಿಗೆ ನೀನು ಹೊಸಬಳು. ಹೊಸಬಳಂತೆಯೇ ನಾಲ್ಕು ಸಾಲಿನ ಪತ್ರ ಬರೆದು, ಮೊದಲು ಯಾವ ಹಾಡು ಕೇಳಬೇಕೆಂದು ತಿಳಿಸು.

1994ರ ಒಪ್ಪಂದದ ಪ್ರತಿ ನಿನ್ನ ಅಮ್ಮನ ಕಪಾಟಿನಲ್ಲಿರಬೇಕು. ಹುಡುಕಿಸಿ ಈ ತಿಂಗಳೊಳಗೆ ನನಗೊಂದು ನಕಲು ಕಳುಹಿಸು, ಜೊತೆಗೆ ಇಳಿಸಿ ಹಾಡಿದ ಮೂರನೆಯ ಹಾಡನ್ನೂ.

ಇಂತು ನಿನ್ನ
ಮಾವ